ಹೊಂಡದ ನೀರು ಕುಡಿದ ಗಾಡಿ

ನನ್ನ ಹೆಂಡತಿ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಅಡಿಗೆಮನೆಯ ನಳದ ಬಾಯಿಗೆ ಅವಳು ಕಟ್ಟಿದ ಬಿಳಿ ಅರಿವೆ ಹಾಗೆಯೇ ಇದೆ. ನೀರು ಸ್ವಚ್ಛವಾಗಿಯೇ ಬರುತ್ತದೆ, ಅರಿವೆ ಯಾಕೆ ಎಂದು ನಾನು ವರ್ಷಗಟ್ಟಲೆ ಹೇಳಿದ್ದೆ. ಅವಳು ಬಿಚ್ಚಲಿಲ್ಲ. ನಿನ್ನೆ ಸೊಸೆ ಅದನ್ನು ಬಿಚ್ಚಲು ಹೋದಾಗ ಬೇಡ ಅಂದೆ. ಯಾಕೆಂದು ಕೇಳಿದಳು. ಬಾಯಿಂದ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ರಾಯಚೂರಿನ ಸ್ಟೇಷನ್ ರಸ್ತೆಯ ಪಕ್ಕ ನನ್ನದೊಂದು ತಗಡಿನ ಶೆಡ್ಡು ಇತ್ತು. ಮಿಲಿಟರಿ ಲಾರಿಗಳ ಕೆಳಗೆ ಮಲಗಿ ಕಲಿತ ಕೆಲಸ ನನ್ನದು. ಹೆಚ್ಚಾಗಿ ಬಸ್ಸು, ಲಾರಿ ಬರುತ್ತಿದ್ದವು. ಒಂದೇ ಒಂದು ಚೆಂದದ ಗಾಡಿ ಬರುತ್ತಿತ್ತು: ದೇವದುರ್ಗದ ಕಡೆಯ ಒಬ್ಬ ಜಹಗೀರದಾರರ ಮಗನದು. ಎರಡೇ ಸೀಟು, ಮೇಲೆ ಮುಚ್ಚಿಗೆ ಇಲ್ಲ, ಉದ್ದ ಮೂತಿ. ಓಟದ ಪಂದ್ಯಕ್ಕೆಂದು ವಿಲಾಯಿತಿಯಲ್ಲಿ ಮಾಡಿದ ಗಾಡಿಯಂತೆ. ನಮ್ಮ ಕಡೆಯ ರಸ್ತೆಯಲ್ಲಿ ಅದು ಎತ್ತಿನ ಬಂಡಿಗಳ ಹಿಂದೆ ತೆವಳುತ್ತಿತ್ತು.

ಅದನ್ನು ನಡೆಸುತ್ತಿದ್ದ ಡ್ರೈವರ್ ನನಗಿಂತ ಹತ್ತು ವರ್ಷ ದೊಡ್ಡವನು, ನಮ್ಮದೇ ಜಾತಿಯವನು. ನಮ್ಮ ಜಾತಿಯವನೊಬ್ಬ ಅಂಥ ಗಾಡಿಯ ಚಕ್ರ ಹಿಡಿಯುವುದು ಆ ಸೀಮೆಯಲ್ಲೇ ಹೊಸದು. ದಣಿಗಳು ಅವನಿಗೆ ಊರ ಹೊರಗೆ ಒಂದು ಮನೆಯನ್ನೂ ಕೊಟ್ಟಿದ್ದರು. ಕೆಲಸ ಹೋದರೆ ಆ ಮನೆಯೂ ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಗಾಡಿ ಕುದಿಯತೊಡಗಿತು. ದೇವದುರ್ಗದಿಂದ ಹೊರಟು ದಾರಿಯ ಕಲ್ಮಲಕ್ಕೆ ಬರುವುದರೊಳಗೆ ರೇಡಿಯೇಟರಿನ ಮುಚ್ಚಳದಿಂದ ಹಬೆ ಏಳುತ್ತಿತ್ತು. ನಿಲ್ಲಿಸಿ, ಆರಿಸಿ, ನೀರು ಹಾಕಿಕೊಂಡು ಬರಬೇಕು. ಮೊದಲ ಸಲ ಬಂದಾಗ ಫ್ಯಾನಿನ ಬೆಲ್ಟು ಬಿಗಿಮಾಡಿ, ಮೆತ್ತಗಾದ ರಬ್ಬರು ಪೈಪು ಬದಲಿಸಿ ಕಳಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂತು. ಎರಡನೆಯ ಸಲ ರೇಡಿಯೇಟರಿಗೆ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರು ತುಂಬಿ ತೊಳೆದೆ. ಕಡು ಕಂದು ನೀರು ಬಂತು, ತುಕ್ಕು ಅಂದುಕೊಂಡೆ. ತಿಂಗಳೊಳಗೆ ಮೂರನೆಯ ಸಲ ಬಂತು.

ಮೂರನೆಯ ಸಲ ಜೊತೆಗೆ ಚಿಕ್ಕ ದಣಿಯೂ ಬಂದ. ಇಪ್ಪತ್ತೈದರ ವಯಸ್ಸು, ಒಳ್ಳೆಯ ಬಟ್ಟೆ, ಒಳ್ಳೆಯ ಮನಸ್ಸೂ ಹೌದು, ಆದರೆ ಸಿಟ್ಟು ಮೂಗಿನ ಮೇಲೆ. ಡ್ರೈವರ್ ನೀರು ನೋಡುವುದಿಲ್ಲ, ನಿದ್ದೆಬಡುಕ, ಹೈದರಾಬಾದಿನಿಂದ ಬೇರೆ ಡ್ರೈವರನನ್ನು ಕರೆಸುತ್ತೇನೆ ಎಂದು ನನ್ನೆದುರಿಗೇ ಅಂದ. ನನಗೂ ಒಂದು ಕುಟುಕಿದ, ಲಾರಿ ರಿಪೇರಿ ಮಾಡುವ ಕೈಗೆ ಇಂಥ ಗಾಡಿ ಒಗ್ಗುವುದಿಲ್ಲವೇನೋ ಎಂದು. ಸಂಜೆಯೊಳಗೆ ಕಾರಣ ಹೇಳಬೇಕೆಂದು ಹೇಳಿ ಪರಿಚಯದವರ ಮನೆಗೆ ಹೋದ. ಡ್ರೈವರ್ ಶೆಡ್ಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಅವನ ಪರ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಆ ಎಂಜಿನ್ನಿಗೆ ನೀರಿನ ಪಂಪು ಇರಲಿಲ್ಲ. ಬಿಸಿಯಾದ ನೀರು ತಾನೇ ಮೇಲೇರಿ ರೇಡಿಯೇಟರಿಗೆ ಬರುತ್ತದೆ, ಅಲ್ಲಿ ಆರಿ ಭಾರವಾಗಿ ಕೆಳಗಿಳಿದು ಮತ್ತೆ ಎಂಜಿನ್ ಸೇರುತ್ತದೆ. ದಾರಿಯಲ್ಲಿ ಎಲ್ಲಿ ತಡೆಯಾದರೂ ಕುದಿಯುತ್ತದೆ. ನಾನು ದಣಿಯ ಮಾತಿನ ಸಿಟ್ಟಿನಲ್ಲಿ ದೊಡ್ಡ ರೋಗವನ್ನೇ ಹುಡುಕಿದೆ. ಎಂಜಿನ್ ತಲೆಯ ಗ್ಯಾಸ್ಕೆಟ್, ಅಂದರೆ ನೀರು ಆಯಿಲು ಬೆರೆಯದಂತೆ ತಡೆಯುವ ಹಾಳೆ, ಸುಟ್ಟಿರಬೇಕು ಅಂದುಕೊಂಡೆ. ಗ್ಯಾಸ್ಕೆಟ್ ಸುಟ್ಟರೆ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳಬೇಕು, ಆಯಿಲು ಮಜ್ಜಿಗೆಯ ಹಾಗೆ ಬೆಳ್ಳಗಾಗಬೇಕು. ಎರಡೂ ಇರಲಿಲ್ಲ. ಆದರೂ ತಲೆ ಬಿಚ್ಚಿದೆ. ಗ್ಯಾಸ್ಕೆಟ್ ಹೊಸದರಂತೆ ಇತ್ತು. ಅರ್ಧ ದಿನ ಹಾಳಾಯಿತು.

ಎಲ್ಲ ಮತ್ತೆ ಜೋಡಿಸಿ, ಎಂಜಿನ್ ಚಾಲೂ ಮಾಡಿ, ರೇಡಿಯೇಟರಿನ ಮೇಲೆ ಅಂಗೈ ಆಡಿಸಿದೆ. ಮೇಲೆ ಕೈ ಇಡಲಾಗದಷ್ಟು ಬಿಸಿ. ಕೆಳಗಿನ ಮೂರರಲ್ಲೊಂದು ಪಾಲು ತಣ್ಣಗೆ, ಬೆಳಗಿನ ಕಲ್ಲಿನ ಹಾಗೆ. ಅಂದರೆ ಅಲ್ಲಿಯ ಸಣ್ಣ ಕೊಳವೆಗಳು ಕಟ್ಟಿವೆ. ತೊಳೆದು ಒಂದು ತಿಂಗಳೂ ಆಗಿಲ್ಲ, ಇಷ್ಟು ಬೇಗ ಕಟ್ಟಿದ್ದು ಹೇಗೆ? ಎಂಜಿನ್ ಆರಿದ ಮೇಲೆ ಕೆಳಗಿನ ನಲ್ಲಿ ತಿರುವಿ ನೀರನ್ನು ಒಂದು ಪಿಂಗಾಣಿ ಬೋಗುಣಿಯಲ್ಲಿ ಹಿಡಿದು ಪಕ್ಕಕ್ಕಿಟ್ಟೆ.

ಅಷ್ಟರಲ್ಲಿ ನನ್ನ ಹೆಂಡತಿ ಬುತ್ತಿ ತಂದಳು. ಬೋಗುಣಿ ಅವಳದೇ. ಅದನ್ನು ಶೆಡ್ಡಿಗೆ ತಂದದ್ದಕ್ಕೆ ಬೈಯುತ್ತಾಳೆ ಅಂದುಕೊಂಡೆ. ನಾನೂ ಡ್ರೈವರೂ ರೊಟ್ಟಿ ತಿನ್ನುವಾಗ ಅವಳು ಬೋಗುಣಿಯ ಮುಂದೆ ಕೂತಿದ್ದಳು. ಮೇಲಿನ ನೀರು ತಿಳಿಯಾಗಿತ್ತು. ಅದನ್ನು ಮೆಲ್ಲಗೆ ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ತುಕ್ಕು ಎಂದು ನಾನು ಹೇಳಿದೆ.

"ತುಕ್ಕು ಹಿಂಗ ಜಿಗಿ ಇರತದೇನ್ರಿ? ಇದು ಎರಿ ಮಣ್ಣು," ಅಂದಳು. ಆಮೇಲೆ ನನ್ನ ಕಡೆ ನೋಡಿ, "ವೈದ್ಯ ಬಂದ್ರ ಮೊದ್ಲು ಏನ್ ಉಂಡಿದ್ದಿ ಅಂತ ಕೇಳ್ತಾನ. ನೀವು ಸೀದಾ ತಲಿ ಕೊಯ್ದೀರಿ."

ಡ್ರೈವರ್ ತುತ್ತು ಕೈಯಲ್ಲೇ ಹಿಡಿದು ಕೂತ. ಅವಳು ಅವನಿಗೆ ಕೇಳಿದಳು, "ಯಣ್ಣಾ, ಊರಾಗ ಗಾಡಿಗೆ ನೀರು ಎಲ್ಲಿಂದ ತುಂಬ್ತಿ?"

ಅವನು ತುತ್ತನ್ನು ಮರಳಿ ಬುತ್ತಿಗೆ ಇಟ್ಟ.

"ಎಮ್ಮಿ ಹೊಂಡದಾಗಿಂದ," ಅಂದ. "ದೊಡ್ಡ ಮನಿ ಬಾವಿ ಹಗ್ಗ ನಾ ಮುಟ್ಟಾಂಗಿಲ್ಲಲ್ಲ ಯವ್ವಾ."

ಮೊದಲು ಅರಿವೆಯಲ್ಲಿ ಸೋಸಿ ಹಾಕುತ್ತಿದ್ದನಂತೆ. ಬೇಸಿಗೆಯಲ್ಲಿ ಹೊಂಡ ಬತ್ತಿ ಕೆಸರಾಯಿತು, ದಣಿಗೆ ಸದಾ ಅವಸರ, ಸೋಸಲು ಪುರಸೊತ್ತು ಸಿಗಲಿಲ್ಲ. ದಾರಿಯಲ್ಲಿ ಕುದಿದಾಗಲೂ ಅಷ್ಟೇ, ಯಾವ ಊರ ಬಾವಿಗೂ ಅವನು ಹೋಗುವಂತಿರಲಿಲ್ಲ. ಹಳ್ಳದ್ದೋ ಕುಂಟೆಯದ್ದೋ ತಂದು ಹಾಕುತ್ತಿದ್ದ. ಹೇಳಿದರೆ ದೊಡ್ಡ ಮನೆಯ ಮೇಲೆ ದೂರು ಹೇಳಿದಂತಾಗುತ್ತದೆ, ಅದಕ್ಕೇ ನಿದ್ದೆಬಡುಕ ಅನ್ನಿಸಿಕೊಂಡಿದ್ದ.

ನನಗೆ ಇದು ಹೊಳೆಯಲೇ ಇಲ್ಲ. ನಾನು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ, ಓಣಿಯ ನಳದ ನೀರು ಕುಡಿದು. ಅವಳು ಮಾನ್ವಿ ಕಡೆಯ ಹಳ್ಳಿಯವಳು. ಯಾರಾದರೂ ಬಂದು ಸೇದಿ ಹಾಕಲಿ ಎಂದು ಬಾವಿಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು ನಿಂತವಳು. ಯಾರೂ ಬಾರದ ದಿನ ಹೊಂಡದ ನೀರನ್ನು ತಾಯಿಯ ಸೀರೆ ಸೆರಗಿನಲ್ಲಿ ಸೋಸಿದವಳು. ಆ ಮಣ್ಣು ಅವಳ ಬೆರಳಿಗೆ ಗೊತ್ತಿತ್ತು.

ಮಧ್ಯಾಹ್ನ ರೇಡಿಯೇಟರು ಬಿಚ್ಚಿ ತಲೆಕೆಳಗು ಮಾಡಿ, ಕೆಳಗಿನ ಬಾಯಿಯಿಂದ ನೀರು ನುಗ್ಗಿಸಿದೆ. ಹೊಲದ ಕೆಸರಿನಂತೆ ಬಂತು. ಎಂಜಿನ್ನಿನ ಒಳಗನ್ನೂ ತಂತಿಯಿಂದ ಕೆದಕಿ ತೊಳೆದೆ. ಅವಳು ಮನೆಗೆ ಹೋಗಲಿಲ್ಲ, ನಳದಿಂದ ಕೊಡ ತಂದು ತಂದು ಸುರಿದಳು.

ಸಂಜೆ ಚಿಕ್ಕ ದಣಿ ಬಂದ. ಹೊಂಡದ ನೀರು ಹಾಕಿದ್ದರಿಂದ ಕೊಳವೆ ಕಟ್ಟಿದ್ದವು ಎಂದೆ. ಅಷ್ಟೇ ಹೇಳಿದೆ. ಮುಂದಿನದು ಹೇಳಲು ನನಗೆ ಧೈರ್ಯ ಬರಲಿಲ್ಲ, ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅವನು ಡ್ರೈವರನ ಕಡೆ ತಿರುಗಿದ. "ಲೇ, ಅಂಗಳದಾಗ ಬಾವಿ ಇಟ್ಕೊಂಡು ಹೊಂಡದ ನೀರು ಯಾಕ ಹಾಕ್ದಿ?"

ಡ್ರೈವರ್ ನೆಲ ನೋಡಿದ. ನಾನು ಬೋಲ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತೆ.

"ಆ ಬಾವಿಗೆ ಅವ ಕೊಡ ಇಳಿಸಿದ್ರ ನಿಮ್ಮ ಮನ್ಯಾಗ ಸುಮ್ನಿರ್ತಾರೇನ್ರಿ ದಣೇರ?" ಅಂದಳು ಅವಳು. ದನಿ ಏರಿಸಲಿಲ್ಲ. ತುಂಬಿದ ಕೊಡ ಸೊಂಟದ ಮೇಲಿತ್ತು.

ಚಿಕ್ಕ ದಣಿ ಆ ಕೊಡದ ಕಡೆ ನೋಡಿದ. ಡ್ರೈವರನ ಪಕ್ಕದಲ್ಲಿ ಭುಜ ತಾಗಿಸಿ ಕೂತು ಎಷ್ಟು ಸಲ ಬಂದಿದ್ದನೋ, ಅವನಿಗೂ ಇದು ಹೊಳೆದಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. "ಮನ್ಯಾಗ ಹಿರೇರು ಅದಾರ," ಎಂದು ಸಣ್ಣಗೆ ಅಂದ. ಹೈದರಾಬಾದಿನ ಡ್ರೈವರನ ಮಾತು ಮತ್ತೆ ಎತ್ತಲಿಲ್ಲ. ಹೋಗುವಾಗ ಅವಳ ಕೊಡದ ನೀರನ್ನು ತಾನೇ ಇಸಿದುಕೊಂಡು ರೇಡಿಯೇಟರಿಗೆ ಹಾಕಿದ, ಅರ್ಧ ಅವನ ಬೂಟಿನ ಮೇಲೆ ಚೆಲ್ಲಿತು. ಗಾಡಿ ಕುದಿಯದೆ ದೇವದುರ್ಗ ಮುಟ್ಟಿತು.

ಎರಡು ತಿಂಗಳಾದ ಮೇಲೆ ಡ್ರೈವರ್ ಬ್ರೇಕು ತೋರಿಸಲು ಬಂದ. ಚಿಕ್ಕ ದಣಿ ದಿನಾ ಬೆಳಿಗ್ಗೆ ಹಿರಿಯರು ಏಳುವ ಮೊದಲೇ ತಾನೇ ಬಾವಿಯಿಂದ ನೀರು ಸೇದಿ ಗಾಡಿಗೆ ಕೊಡುತ್ತಾನಂತೆ. ಹೇಳುತ್ತ ನಕ್ಕ.

"ಗಾಡಿ ಈಗ ಬಾವಿ ನೀರು ಕುಡಿತದ ತಂಗಿ. ನಮ್ಮನಿಯಾಗ ಇನ್ನೂ ಹೊಂಡದ್ದೇ."

ನಾನೂ ನಕ್ಕೆ. ಅವಳು ನಗಲಿಲ್ಲ. ಒಳಗೆ ಹೋಗಿ ತನ್ನ ಹಳೆಯ ಬಿಳಿ ಸೀರೆಯೊಂದನ್ನು ಹರಿದು, ನಾಲ್ಕು ಮಡಿಕೆ ಮಾಡಿ, ಹೆಂಡತಿಗೆ ಕೊಡು, ಕೊಡದ ಬಾಯಿಗೆ ಕಟ್ಟಿ ಸೋಸಲಿ ಎಂದು ಅವನ ಕೈಗಿಟ್ಟಳು. ಉಳಿದ ತುಂಡನ್ನು ನಮ್ಮ ಮನೆಯ ಕೊಡಕ್ಕೆ ಕಟ್ಟಿದಳು. ನಮಗೆ ಯಾಕೆ ಎಂದು ಕೇಳಿದ್ದಕ್ಕೆ ಗಂಟನ್ನು ಇನ್ನಷ್ಟು ಬಿಗಿಮಾಡಿದಳು. ಮುಂದೆ ಮನೆಯೊಳಗೇ ನಳ ಬಂದಾಗ ಅರಿವೆ ನಳಕ್ಕೆ ಬಂತು, ಸವೆದಾಗಲೆಲ್ಲ ಹೊಸದು ಕಟ್ಟುತ್ತಿದ್ದಳು.

ಇಷ್ಟು ಬರೆದು ಎದ್ದು ನೋಡಿದೆ, ಅರಿವೆ ಮಾಸಿತ್ತು. ಬಿಚ್ಚಿ, ಒಗೆದು, ಒಣಗಿಸಿ ಮತ್ತೆ ಕಟ್ಟಿದೆ. ಗಂಟು ಅವಳು ಹಾಕುತ್ತಿದ್ದ ಹಾಗೆ ಬರಲಿಲ್ಲ.