ಎದ್ದು ಹೋದವರನ್ನು ಕರೆಯದ ಇಂಟರ್‌ವ್ಯೂ

2022ರಲ್ಲಿ ನಾನು ಮೊಬೈಲ್ ಸ್ಟಾರ್ಟರ್ ಮಾರುವ ಕಂಪನಿಯೊಂದರಲ್ಲಿ ಏರಿಯಾ ಸೇಲ್ಸ್ ಮ್ಯಾನೇಜರ್ ಆಗಿದ್ದೆ. ತೋಟದ ಬೋರ್‌ವೆಲ್ ಮೋಟಾರನ್ನು ಮನೆಯಲ್ಲಿ ಕೂತೇ ಫೋನಿನಿಂದ ಆನ್ ಆಫ್ ಮಾಡುವ ಪೆಟ್ಟಿಗೆ ಅದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ನನ್ನ ಪಾಲಿಗಿದ್ದವು. ಕಡೂರು ಬಸ್ ಸ್ಟ್ಯಾಂಡ್ ಹತ್ತಿರ ಮಹಡಿ ಮೇಲೊಂದು ಸಣ್ಣ ಆಫೀಸು. ಒಬ್ಬ ಸೇಲ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದ. ಆಳನ್ನು ನೋಡಿ ಸೂಚಿಸುವುದಷ್ಟೇ ನನ್ನ ಕೆಲಸ. ಸಂಬಳ ಮಾತಾಡಿ ಮುಗಿಸುವುದು ಬೆಂಗಳೂರಿನ ಎಚ್.ಆರ್. ಮೇಡಂ, ಅದೂ ವಿಡಿಯೊ ಕಾಲ್‌ನಲ್ಲಿ.

ನಾನು ಸೂಚಿಸಿದ್ದು ಪಂಚನಹಳ್ಳಿಯ ಮಲ್ಲೇಶಪ್ಪನನ್ನು. ನಲವತ್ತು ದಾಟಿದ ಕೊಬ್ಬರಿ ದಲ್ಲಾಳಿ. ಅವನನ್ನು ಅರಿಯದ ತೋಟದವರು ಆ ಸುತ್ತಿನಲ್ಲಿ ಇರಲಿಲ್ಲ. ಹೆಂಡತಿ ನಾಗರತ್ನಳಿಗೆ ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ತಿಪಟೂರು ಮಾರ್ಕೆಟ್ಟು, ಅರಸೀಕೆರೆ ಎಂದು ಅಲೆಯುವ ದಲ್ಲಾಳಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾನೋ ಹೇಳುವಂತಿಲ್ಲ. ಅಕ್ಕಪಕ್ಕದವರೂ ಎಷ್ಟು ದಿನ ಅಂತ ನೋಡಿಕೊಳ್ಳುತ್ತಾರೆ?

"ಈ ಕೆಲ್ಸ ಆದ್ರೆ ಸಂಜೆ ಮನೆಗ್ ಬತ್ತೀನಿ ಸಾರ್. ಅವಳಿಗೆ ನಾನೇ ಊಟ ಮಾಡಿಸ್ಬೌದು, ಅಷ್ಟೇ" ಎಂದಿದ್ದ.

ಇಂಟರ್‌ವ್ಯೂ ಚೆನ್ನಾಗಿಯೇ ನಡೆಯಿತು. ಮೇಡಂ ಎರಡು ಸಲ ನಕ್ಕರು ಕೂಡ. ಕೊನೆಗೆ ಸಂಬಳದ ಮಾತು. ಫಿಕ್ಸೆಡ್, ಅಂದರೆ ಮಾಲು ಹೋಗಲಿ ಬಿಡಲಿ ತಿಂಗಳಿಗೆ ಬರುವುದು, ಇಪ್ಪತ್ತೆರಡು ಸಾವಿರ; ಮಾರಿದ್ದರ ಮೇಲೆ ಇನ್ಸೆಂಟಿವ್ ಬೇರೆ. ಮಲ್ಲೇಶಪ್ಪ ಇಪ್ಪತ್ತೆಂಟು ಎಂದ. ಮೇಡಂ ಇಪ್ಪತ್ನಾಲ್ಕಕ್ಕೆ ಬಂದರು. ಅವನು ಮೆಲ್ಲಗೆ ಎದ್ದು ಹೆಗಲ ಟವೆಲ್ ಕೊಡವಿದ.

"ಗಿಟ್ಟಲ್ಲ ಮೇಡಂ. ಬತ್ತೀನಿ" ಎಂದು ಹೊರಟೇಬಿಟ್ಟ.

ನನಗೆ ಗಾಬರಿಯೇನೂ ಆಗಲಿಲ್ಲ. ನಮ್ಮ ಕಡೆ ಕೊಬ್ಬರಿ ವ್ಯಾಪಾರ ಆಗುವುದೇ ಹಾಗೆ. ಕೊಡುವವನು ಒಮ್ಮೆ ಎದ್ದು ಹೋಗಬೇಕು, ಕೊಳ್ಳುವವನು "ಬಾರಯ್ಯ ಇಲ್ಲಿ" ಎಂದು ಕರೆಯಬೇಕು. ತಿರುಗಿ ಬಂದು ಕೂತನೆಂದರೆ ವ್ಯಾಪಾರ ಕುದುರಿತು ಅಂತಲೇ ಅರ್ಥ.

"ಅವ್ರೇ ಬೇಡ ಅಂತ ಹೋದ್ರಲ್ಲ ಸರ್. ನೆಕ್ಸ್ಟ್ ಯಾರು?" ಎಂದರು ಮೇಡಂ.

ನಾನು ಬಿಡಿಸಿ ಹೇಳಿದೆ. ಒಂದು ಸಲ ಕರೆಯುತ್ತೇನೆ, ಇಪ್ಪತ್ನಾಲ್ಕಕ್ಕೇ ಬರುತ್ತಾನೆ ಎಂದು ಬೇಡಿಕೊಂಡೆ. "ಕಂಪನೀಲಿ ಹಂಗೆಲ್ಲ ನಡೆಯಲ್ಲ ಸರ್" ಎಂದು ಸಿಸ್ಟಮ್‌ನಲ್ಲಿ ಆಫರ್ ನಿರಾಕರಿಸಿದ್ದಾರೆ ಅಂತ ಹಾಕಿಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಅವರ ಅನುಮತಿಯಿಲ್ಲದೆ ನಾನು ಕರೆದು ಕೂರಿಸಿದರೆ ಕೊಡುವುದಕ್ಕೆ ನನ್ನ ಕೈಯಲ್ಲಿ ಏನಿತ್ತು? ಹೊರಗೆ ಕಾಯುತ್ತಿದ್ದ ತರೀಕೆರೆಯ ಹುಡುಗ ಒಳಗೆ ಬಂದ. ಇಪ್ಪತ್ತೆರಡಕ್ಕೇ "ಓಕೆ ಮೇಡಂ" ಎಂದ. ಕೆಲಸ ಅವನದಾಯಿತು.

ಕೆಳಗಿಳಿದೆ. ಮಲ್ಲೇಶಪ್ಪ ಊರಿಗೆ ಹೋಗಿರಲಿಲ್ಲ. ಮೆಟ್ಟಿಲ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ನಮ್ಮ ಬಾಗಿಲನ್ನೇ ನೋಡುತ್ತಾ ಕೂತಿದ್ದ. ನನ್ನನ್ನು ಕಂಡೊಡನೆ ನಗುತ್ತಾ ಎದ್ದ.

"ಕರೆದ್ರಾ ಸಾರ್?"

ಹೇಗೋ ವಿಷಯ ಹೇಳಿದೆ. ಅವನಿಗೆ ತಕ್ಷಣ ಅರ್ಥವೇ ಆಗಲಿಲ್ಲ.

"ಅಯ್ಯೋ, ಮೊದ್ಲು ಹೇಳಿದ್ದೇ ಸಾಕಾಗಿತ್ತಲ್ಲ ಸಾರ್! ಒಂದೇ ಮಾತಿಗೆ ಒಪ್ಕೊಂಡ್ರೆ ಹಗುರ ಆಗ್ಬಿಡ್ತೀನಿ ಅಂತ ಎದ್ದೆ. ಇಪ್ಪತ್ತಕ್ಕೂ ಬತ್ತೀನಿ ಅಂತ ಹೇಳಿ ಸಾರ್, ನಿಮ್ಮ ದಮ್ಮಯ್ಯ."

ಮತ್ತೆ ಮೇಲೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಆರು ತಿಂಗಳು ಆ ಹೆಸರನ್ನು ಪರಿಗಣಿಸುವಂತಿಲ್ಲ, ಅದು ರೂಲ್ಸು ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಇಳಿದು ಬರುವ ಹೊತ್ತಿಗೆ ಅವನು ಗೋಡೆಯ ಕಡೆ ತಿರುಗಿ ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದ.

"ಇನ್ನೂ ಮಾತುಕತೆ ನಡೀತಾ ಐತೆ ಕಣೇ. ಕರೀತಾರೆ, ನೀನು ಉಂಡು ಮಲಗು."

ಆ ಮೇಲೆ ಎಷ್ಟೋ ಜನರನ್ನು ಸೂಚಿಸಿದೆ. ಒಳಗೆ ಬಂದವರಿಗೆ ನೀರು ಕೊಡುವ ಮೊದಲೇ ಒಂದು ಮಾತು ಹೇಳುತ್ತಿದ್ದೆ: "ಎಷ್ಟು ಬೇಕಾದ್ರೂ ಕೇಳಪ್ಪಾ, ಆದ್ರೆ ಕೂತ್ಕೊಂಡೇ ಕೇಳು. ಇಲ್ಲಿ ಎದ್ದು ಹೋದ್ರೆ ಯಾರೂ ಕರೆಯಲ್ಲ." ನನ್ನ ನೌಕರಿ ನನಗೆ ಕಲಿಸಿದ ಪಾಠ ಇಷ್ಟೇ. ಅದಕ್ಕೆ ಬೆಲೆ ತೆತ್ತವಳು ಮಾತ್ರ ಪಂಚನಹಳ್ಳಿಯಲ್ಲಿ ಗಂಡನ ಕೈತುತ್ತಿಗೆ ಕಾಯುತ್ತಾ ಮಲಗಿದ್ದ ನಾಗರತ್ನ.