ತೆಂಗಿನ ಮರದಿಂದ ಬಿದ್ದ ಸೇವಂತಿಗೆ

ಎದುರುಮನೆ ಅಜ್ಜಿಯ ಕತ್ತು ಸದಾ ಒಂಚೂರು ಹಿಂದಕ್ಕೆ ವಾಲಿರುತ್ತಿತ್ತು. ಗುಬ್ಬಿ ಊರಿನ ಅಂಚಿನಲ್ಲಿದ್ದ ತನ್ನ ತೆಂಗಿನ ತೋಟದಲ್ಲಿ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಮರದ ತುದಿಯಲ್ಲಿದ್ದವರನ್ನು ಬೈದು ಬೈದೇ ಹಾಗಾಗಿದೆ ಎಂದು ನನ್ನ ಅತ್ತೆ ನಗುತ್ತಿದ್ದರು. "ಆ ಗೊನೆ ಬುಡ್ಲಾ, ಇನ್ನೂ ಎಳೇದು!" ಎಂಬ ಕೂಗಿಗೇ ನಮ್ಮ ಬೀದಿಗೆ ಬೆಳಗಾಗುತ್ತಿತ್ತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ತಲೆ ತಗ್ಗಿಸಿಕೊಂಡು ತೋಟದ ದಾರಿಯಲ್ಲಿ ಹೋಗುತ್ತಿದ್ದಾಗ ನನಗೂ ಒಂದು ಬೈಗುಳ ಬಿತ್ತು: "ಏನೇ ಹುಡುಗಿ, ಮೇಲೆ ನೋಡ್ಕೊಂಡು ನಡಿ. ನೆಲ ನೋಡೋರ ತಲೆ ಮೇಲೇ ಕಾಯಿ ಬೀಳೋದು."

ಎಪ್ಪತ್ತೊಂದರ ಯುದ್ಧದಲ್ಲಿ ಅಜ್ಜಿಯ ಒಬ್ಬನೇ ಮಗ ಹತ್ತಿದ ವಿಮಾನ ಮರಳಲಿಲ್ಲ. ಮೈಯೂ ಸಿಗಲಿಲ್ಲ, ಬೂದಿಯೂ ಬರಲಿಲ್ಲ. ಊರವರು ತೋಟದೊಳಗೇ ಅವನ ಹೆಸರಿನ ಕಲ್ಲು ನಿಲ್ಲಿಸಿದರು. ವರ್ಷಕ್ಕೊಮ್ಮೆ ಅವನ ದಿನದಂದು, ಎಂದರೆ ಆ ವಿಮಾನ ಕಾಣೆಯಾದ ತಾರೀಕಿನಂದು, ಬೆಂಗಳೂರಿನಿಂದ ಹೆಲಿಕಾಪ್ಟರ್ ಬಂದು, ಮೇಲಿಂದ ಹೂವು ಸುರಿದು ಹೋಗುತ್ತಿತ್ತು. ಅಜ್ಜಿ ಅದಕ್ಕೆ ಸೆರಗು ಬೀಸುತ್ತಿದ್ದರು.

ಒಂದು ವರ್ಷ ಆ ದಿನ ಹತ್ತಿರ ಬಂದಾಗ ತುಮಕೂರಿನಿಂದ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದರು. ಸೈನ್ಯದ ಖರ್ಚಿಗೆ ಕತ್ತರಿ ಬಿದ್ದಿದೆ, ಇನ್ನು ಇಂಥ ಗೌರವಕ್ಕೆ ಹೆಲಿಕಾಪ್ಟರ್ ಕಳಿಸುವುದಿಲ್ಲ, ನಾನೇ ಬಂದು ಹಾರ ಇಡುತ್ತೇನೆ ಎಂದು ಬಲು ಸಂಕೋಚದಿಂದ ಹೇಳಿದರು. ಅಜ್ಜಿ ಕಾಫಿ ಕೊಟ್ಟರು. ಜೀಪು ಹೋದಮೇಲೆ ನನ್ನ ಕೈ ಹಿಡಿದುಕೊಂಡರು.

"ಮೇಲಕ್ಕೆ ಹೋದೋನು ಇಳೀಲೇ ಇಲ್ಲ ಕಣೇ. ಮೇಲಿಂದ ಬೀಳೋ ಹೂವು ಅವನ ಕೈ ಮುಟ್ಟಿ ಬರ್ತದೆ ಅಂದ್ಕೊಂಡಿದ್ದೆ."

ಆ ಸಂಜೆ ಮೊದಲ ಸಲ ಅಜ್ಜಿ ನೆಲ ನೋಡುತ್ತ ಕೂತಿದ್ದನ್ನು ಕಂಡೆ.

ಮರುದಿನ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಕಾಯಿ ಕೀಳುವವರು ಬಂದರು. ಅಜ್ಜಿ ಕಲ್ಲು ನೋಡಿದರು, ಅದರ ಮೇಲೆ ಬಾಗಿ ನಿಂತ ಮರಗಳನ್ನು ನೋಡಿದರು. ಕತ್ತು ಮತ್ತೆ ಹಿಂದಕ್ಕೆ ವಾಲಿತು.

"ಅವನ ದಿನ ಎಲ್ರೂ ಮಡ್ಲ ತುಂಬ ಸೇವಂತಿಗೆ ಕಟ್ಕೊಂಡು ಹತ್ರಲಾ. ನಾನು ಸೆರಗು ಬೀಸಿದ್ರೆ ಸುರೀರಿ."

"ಹೂವ ಹೊತ್ಕೊಂಡು ಯಾರಾದ್ರೂ ತೆಂಗಿನ ಮರ ಹತ್ತವ್ರಾ ಅಜ್ಜಿ?" ಎಂದ ಅವರಲ್ಲಿ ಹಿರಿಯ.

"ಮರಕ್ಕೇನ್ಲಾ ಗೊತ್ತು, ನಿನ್ನ ಮಡ್ಲಲ್ಲಿ ಏನೈತೆ ಅಂತ?"

ಅವನ ದಿನ ಊರಿಗೆ ಊರೇ ಕಲ್ಲಿನ ಸುತ್ತ ನೆರೆಯಿತು. ಅಧಿಕಾರಿ ಹಾರ ಇಟ್ಟು ಸೆಲ್ಯೂಟ್ ಹೊಡೆದರು. ಅಜ್ಜಿ ಸೆರಗು ಬೀಸಿದರು. ಮೇಲಿದ್ದವರು ಹಳೇ ಅಭ್ಯಾಸ ಬಿಡುವುದುಂಟೆ? ಕಾಯಿ ಕೆಡವುವ ಮುಂಚೆ ಕೂಗುವಂತೆಯೇ ಒಟ್ಟಿಗೆ ಕೂಗಿದರು: "ತಲೆ ಜ್ವಾಕೆ!"

ಆ ಕೂಗು ಕಿವಿಗೆ ಬಿದ್ದರೆ ಗುಬ್ಬಿಯವರ ಕಾಲು ನಿಲ್ಲುವುದಿಲ್ಲ. ಬ್ಯಾಂಡಿನವರು, ಹೆಡ್ಮಾಸ್ಟರು, ನಾನು, ಎಲ್ಲರೂ ಬಿದ್ದೆವೋ ಕೆಟ್ಟೆವೋ ಎಂದು ಓಡಿದೆವು. ತೆಂಗಿನ ಸಹವಾಸವಿಲ್ಲದ ಅಧಿಕಾರಿ ಮಾತ್ರ ಸೆಲ್ಯೂಟಿನಲ್ಲೇ ನಿಂತಿದ್ದರು. ಅವರ ಟೋಪಿಯ ಮೇಲೆ, ಕಲ್ಲಿನ ಮೇಲೆ, ಅಜ್ಜಿಯ ನೆರೆತ ತಲೆಯ ಮೇಲೆ ಸೇವಂತಿಗೆ ಧೋ ಎಂದು ಸುರಿಯಿತು.

"ಓಡಬ್ಯಾಡ್ರೋ, ಹೂವು ಕಣ್ರೋ!" ಅಜ್ಜಿ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು, ನಡುವೆ ಬೈಯುತ್ತಲೂ ಇದ್ದರು. ನಾವು ನಾಚಿಕೊಂಡು ಹಿಂದಿರುಗಿ, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆವು. ಅಂಥ ಹೆಮ್ಮೆ ನನ್ನ ಊರಿನ ಮೇಲೆ ನನಗೆ ಹುಟ್ಟಿದ್ದು ಅವತ್ತೇ.

"ಹೆಲಿಕಾಪ್ಟರ್ ಅರ್ಧ ಹೂವನ್ನ ಆಚೆ ಕೆರೆಗೆ ಹಾಕ್ತಿತ್ತು ತಾಯಿ. ನಿಮ್ಮೋರು ಗುರಿ ತಪ್ಪಲಿಲ್ಲ," ಎಂದರು ಅಧಿಕಾರಿ, ಹೂವನ್ನು ಕೊಡವಿಕೊಳ್ಳದೆ.

"ಅದಕ್ಕೆ ಪೆಟ್ರೋಲ್ ಬೇಕು ಕಣಪ್ಪ. ಇವ್ರಿಗೆ ಮುದ್ದೆ ಸಾಕು."

ಆಮೇಲೆ ಅವನ ದಿನ ಒಂದು ವರ್ಷವೂ ತಪ್ಪಲಿಲ್ಲ. ಕೂಗಿಗೆ ಓಡುವುದನ್ನೂ ನಾವು ಬಿಡಲಿಲ್ಲ, ಅದೂ ಪದ್ಧತಿಯೇ ಆಗಿಹೋಯಿತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಜ್ಜಿ ಹೋದರು. ಚಟ್ಟ ತೋಟದ ದಾರಿ ಹಿಡಿದಾಗ ನಾವು ಹೆಂಗಸರು ಕಲ್ಲಿನವರೆಗೂ ಜೊತೆಗೆ ನಡೆದೆವು. ಕೊತ್ತಗೆರೆಯವರು, ಯಾರೂ ಹೇಳಿ ಕಳಿಸದಿದ್ದರೂ, ಆಗಲೇ ಸೇವಂತಿಗೆ ಕಟ್ಟಿಕೊಂಡು ಮರ ಹತ್ತಿ ಕಾದಿದ್ದರು. ಮೇಲಿಂದ ಕೂಗು ಬಂತು: "ತಲೆ ಜ್ವಾಕೆ!"

ಅವತ್ತು ಒಬ್ಬರೂ ಓಡಲಿಲ್ಲ. ಅಜ್ಜಿ ಕಲಿಸಿದ ಹಾಗೆ ಕತ್ತು ಹಿಂದಕ್ಕೆ ವಾಲಿಸಿ, ಮೇಲೆ ನೋಡುತ್ತ ನಿಂತೆವು.