ಟ್ಯಾಂಕಿನ ನಾಲ್ಕನೆಯ ಆಳು

ನಮ್ಮಪ್ಪ ಸೈನ್ಯದಲ್ಲಿದ್ದಾಗ ಟ್ಯಾಂಕಿನೊಳಗೆ ನಿಂತು ಗುಂಡು ತುಂಬುತ್ತಿದ್ದ ಎಂಬ ಮಾತನ್ನು ನಾನು ನಂಬಿರಲಿಲ್ಲ. ತಾವರೆಕೆರೆಯ ಚಿಕ್ಕಪ್ಪ ಮಧುಗಿರಿಯ ನಮ್ಮ ಮನೆಗೆ ಬಂದಾಗಲೆಲ್ಲ, "ಟ್ಯಾಂಕೂ ಇಲ್ಲ, ಮಣ್ಣೂ ಇಲ್ಲ ಕಣಮ್ಮ, ನಿಮ್ಮಪ್ಪ ಅಲ್ಲಿ ಸೌಟು ಹಿಡ್ಕಂಡಿದ್ದ" ಎಂದು ನನ್ನ ಕಿವಿ ಊದಿ ಹೋಗುತ್ತಿದ್ದ. ಅಪ್ಪನ ರೀತಿಯೂ ಹಾಗೇ ಇತ್ತು. ಬಲಗೈ ಗಟ್ಟಿಮುಟ್ಟಾಗಿದ್ದರೂ ಹಂಡೆ ಒಲೆಗೆ ಸೌದೆ ನೂಕುವುದು ಎಡಗೈ ಮುಷ್ಟಿಯಲ್ಲಿ, ಬೀರುವಿನ ಬಾಗಿಲು ತಳ್ಳುವುದೂ ಅದರಲ್ಲೇ. ಗೊರವನಹಳ್ಳಿ ದೇವಸ್ಥಾನದ ಪ್ರಸಾದವನ್ನು ಒಮ್ಮೆ ಎಡಗೈಯಲ್ಲೇ ನೀಡಿ, ನಮ್ಮತ್ತೆಯ ಮುಂದೆ ನನ್ನ ಮಾನ ಕಳೆದಿದ್ದ. ವರ್ಷಗಟ್ಟಲೆ ಲೆಫ್ಟ್ ರೈಟ್ ಹೊಡೆದವನಿಗೆ ಎಡ ಯಾವುದು, ಬಲ ಯಾವುದು ಗೊತ್ತಾಗದೆ?

ನಾನು ಪಾಠ ಮಾಡುವ ಶಾಲೆಯ ಹೆಡ್‌ಮಾಸ್ಟರು ಈ ಸಲದ ಗಣರಾಜ್ಯೋತ್ಸವಕ್ಕೆ ಅಪ್ಪನನ್ನೇ ಮಾತಾಡಲು ಕರೆದುಬಿಟ್ಟರು. ಮಕ್ಕಳೆದುರು ಅವನು ಬಾಯಿಗೆ ಬಂದದ್ದು ಹೇಳಿ, ಯಾರಾದರೂ ಮೊಬೈಲಿನಲ್ಲಿ ಹುಡುಕಿ ನೋಡಿದರೆ ನಾನು ಅಲ್ಲಿ ತಲೆ ಎತ್ತಿಕೊಂಡು ಓಡಾಡುವುದು ಹೇಗೆ? ಅದಕ್ಕೇ ನಮ್ಮ ಸೈನ್ಯದ ಟ್ಯಾಂಕಿನ ಬಗ್ಗೆ ನಾನೇ ಮೊದಲು ಹುಡುಕಿದೆ. ಹಿಂದಿನ ದಿನ ಸಂಜೆ ಕಾಫಿ ಕೊಟ್ಟು, ಏನೂ ಅರಿಯದವಳ ಹಾಗೆ ಕೇಳಿದೆ.

"ಅಪ್ಪಾ, ಟ್ಯಾಂಕಲ್ಲಿ ಎಷ್ಟು ಜನ ಇರ್ತಿದ್ರಿ?"

"ನಾಲ್ಕು ಜನ ಕಣಮ್ಮ."

ಸಿಕ್ಕಿಬಿದ್ದ! ಮೊಬೈಲನ್ನು ಅವನ ಮುಖಕ್ಕೆ ಹಿಡಿದೆ. "ಮೂರೇ ಜನ ಅಂತ ಇದೆಯಲ್ಲ. ಇನ್ನೂ ಎಷ್ಟು ಸುಳ್ಳು ಹೇಳ್ತೀಯಪ್ಪ? ನಾಳೆ ನನ್ನ ಮರ್ಯಾದೆ ಏನಾಗಬೇಕು?"

ಅಪ್ಪ ಕನ್ನಡಕ ಏರಿಸಿ ಅದರಲ್ಲಿದ್ದ ಟ್ಯಾಂಕಿನ ಚಿತ್ರ ನೋಡಿದ. "ಇದು ಆಮೇಲೆ ಬಂದಿದ್ದು. ಇದ್ರಲ್ಲಿ ಗುಂಡ್ನ ಮಿಷಿನ್ನೇ ಎತ್ತಿ ತುಂಬ್ತೈತೆ. ನಮ್ದು ಇದ್ಕಿಂತ ಹಳೇದು. ಎರಡೂ ರಷ್ಯಾದ್ದೇ."

ಎದ್ದು, ಮಂಚದ ಮೇಲಿದ್ದ ಉದ್ದ ದಿಂಬನ್ನು ತೋಳಲ್ಲಿ ಎತ್ತಿಕೊಂಡು, ತೆರೆದ ಬೀರುವಿನ ಬಲಗಡೆ ಸೊಂಟ ಬಗ್ಗಿಸಿ ನಿಂತ.

"ಇಂಗೆ ನೋಡು. ಫಿರಂಗಿ ನನ್ನ ಎಡಕ್ಕೆ. ಒಳಗೆ ಜಾಗ ಅನ್ನೋದೇ ಇಲ್ಲ, ಬಲಗೈ ಆಡಕ್ಕಿಲ್ಲ. ಎಡಗೈ ಮುಷ್ಟಿ ಕಟ್ಟಿ ಗುಂಡು ನೂಕ್ಬೇಕು. ಬೆರಳು ಬಿಚ್ಚಿದ್ಯೋ, ಫಿರಂಗಿ ಹಿಂದಿನ ಮುಚ್ಚಳ ಬಂದು ಕತ್ತರಿಸ್ಬುಡ್ತೈತೆ."

ದಿಂಬು ಧಡ್ಡನೆ ಬೀರುವಿನೊಳಗೆ ಹೋಯಿತು. ಅಯ್ಯೋ ದೇವರೇ ಅನಿಸಿತು. ಆದರೂ ಹಾಳು ಅನುಮಾನ ಬಿಡಬೇಕಲ್ಲ!

"ಹಂಗಾದ್ರೆ ಚಿಕ್ಕಪ್ಪ ಹೇಳೋ ಸೌಟು?"

ಅಪ್ಪ ಮಂಚದ ಮೇಲೆ ಕುಳಿತ. "ಅದೂ ನಿಜವೇ. ಹೊಸ ಟ್ಯಾಂಕು ಬಂದ್ಮೇಲೆ ನಾಲ್ಕನೇ ಆಳು ಬೇಕಾಗ್ಲಿಲ್ಲ. ಗುರಿ ಇಡೋ ಕೆಲ್ಸ ಕಲೀತೀನಿ ಅಂದೆ, ಕಣ್ಣು ಸಾಲ್ದು ಅಂದ್ರು. ಪಿಂಚಣಿ ಆಗೋಗಂಟ ಅಡಿಗೆ ಮನೇಲಿ ಇಟ್ರು. ಹೇಳ್ಕಳಕ್ಕೆ ನಾಚ್ಕೆ ಆಗ್ತಿತ್ತು."

ನನಗೆ ನನ್ನ ಮೇಲೇ ಸಿಟ್ಟು ಬಂತು. "ನಾಳೆ ಇದನ್ನೇ ಹೇಳಪ್ಪ, ಎಲ್ಲಾನೂ ಹೇಳು" ಎಂದೆ.

ಅವನು ಎದ್ದು, ದಿಂಬನ್ನು ಬೀರುವಿನಿಂದ ತೆಗೆದು ಮಂಚದ ಮೇಲಿಟ್ಟು, "ಅಲ್ಲ ಕಣಮ್ಮ, ಇಷ್ಟು ವರ್ಷ ನಾನು ಸುಳ್ಳ ಅಂದ್ಕಂಡೇ ಅನ್ನ ಇಕ್ತಿದ್ಯಾ?" ಎಂದು ಕೇಳಿದ.

"ಹೂಂ ಕಣಪ್ಪ" ಎಂದೆ.

ಮಾರನೆಯ ದಿನ ಅಪ್ಪ ಶಾಲೆಗೆ ಬರಲಿಲ್ಲ. ಅವನಿಗೆ ಮೈ ಸರಿಯಿಲ್ಲ ಎಂದು ಹೆಡ್‌ಮಾಸ್ಟರಿಗೆ ಸುಳ್ಳು ಹೇಳಿದವಳು ನಾನೇ.